ನಾಚಿಕೆಯ ಗರಡಿ

ಆಗಾಗ ಕೆಲವು ದಿನ ಬೇಕೆಂದೇ ಅಗ್ಗದ ಊಟ ಉಣ್ಣು, ಒರಟು ಬಟ್ಟೆ ಉಡು ಎಂದು ರೋಮಿನ ಸೆನೆಕಾ ಗೆಳೆಯ ಲುಸಿಲಿಯಸ್‌ಗೆ ಪತ್ರ ಬರೆದಿದ್ದ. ಏಕಾದಶಿಗೆ ಉಪವಾಸ ಕೂರುವ, ಸೋಲಾರ್ ಕೈಕೊಟ್ಟ ದಿನ ತಣ್ಣೀರು ಸುರಿದುಕೊಳ್ಳುವ ನಮ್ಮವರಿಗೆ ಅದೇನು ಮಹಾ! ಮೈಗೆ ಕಷ್ಟ ಕೊಡುವುದು ಸುಲಭ; ಮುಖಕ್ಕೆ ಕೊಡುವುದೇ ಕಷ್ಟ. ನೋಡಿದ ನಾಲ್ಕು ಜನ ಏನಂದಾರು?

ಈ ನಾಲ್ಕು ಜನ ಹಳೆಯ ಅಥೆನ್ಸಿನಲ್ಲೂ ಇದ್ದರು. ಕ್ರಿ.ಪೂ. 300ರ ಸುಮಾರಿಗೆ ಸ್ಟೋಯಿಕ್ ಪಂಥ ಕಟ್ಟಿದ ಝೀನೋ, ಶಿಷ್ಯನಾಗಿದ್ದಾಗ ಮಹಾ ಸಂಕೋಚದ ಪ್ರಾಣಿ. ಗುರು ಕ್ರೇಟೀಸ್ ಅವನ ಕೈಗೆ ಬೇಳೆಯ ಮಡಕೆ ಕೊಟ್ಟು, ಕುಂಬಾರಗೇರಿಯಲ್ಲಿ ಹೊತ್ತು ನಡೆ ಎಂದನಂತೆ. ಶಿಷ್ಯ ಅದನ್ನು ಮೇಲುವಸ್ತ್ರದೊಳಗೆ ಮರೆಮಾಡಿಕೊಂಡ. ಗುರುವಿನ ಮುಂದೆ ಆ ಬೇಳೆ ಬೇಯಲಿಲ್ಲ. ಕೋಲಿನಿಂದ ಒಂದೇ ಏಟು, ಬೇಳೆಯೆಲ್ಲ ಕಾಲಗುಂಟ ಇಳಿಯಿತು, ಝೀನೋ ಓಟ ಕಿತ್ತ. ರೋಮಿನ ಕೇಟೋನಿಗೆ ಗುರುವಿನ ಕೋಲೂ ಬೇಕಾಗಲಿಲ್ಲ. ಊರೆಲ್ಲ ಝಗಮಗಿಸುವ ಬಣ್ಣ ಉಟ್ಟರೆ ಅವನು ಮಂಕು ಬಣ್ಣದ್ದನ್ನು ಉಟ್ಟು, ಬರಿಗಾಲಲ್ಲೇ ಬೀದಿಗಿಳಿಯುತ್ತಿದ್ದ. ನಿಜಕ್ಕೂ ನಾಚಬೇಕಾದ್ದಕ್ಕೆ ಮಾತ್ರ ನಾಚುವ ಅಭ್ಯಾಸವಾಗಲಿ ಎಂದು, ಹಾಗಂತ ಅವನ ಜೀವನಚರಿತ್ರೆ ಬರೆದ ಪ್ಲುಟಾರ್ಕ್ ಹೇಳುತ್ತಾನೆ.

ಈ ಗರಡಿಗೆ ನಮ್ಮಲ್ಲಿ ಪ್ರವೇಶ ಧರ್ಮಾರ್ಥ. ಟಿಕೆಟ್ ಹಿಂದೆ ಕಂಡಕ್ಟರ್ ಗೀಚಿಕೊಟ್ಟ ಎರಡು ರೂಪಾಯಿಯನ್ನು ಇಳಿಯುವಾಗ ಕೇಳಿ ನೋಡಿ. "ಚಿಲ್ಲರೆ ಇದ್ದಿದ್ರೆ ಕೊಡ್ತಿರ್ಲಿಲ್ವೇನಮ್ಮಾ?" ಚೀಲದೊಳಗೆ ಕೈ ಆಡುತ್ತದೆ, ಡ್ರೈವರ್ ಕನ್ನಡಿಯಲ್ಲಿ ಕಣ್ಣು ಬಿಡುತ್ತಾನೆ, ಕಿಟಕಿ ಪಕ್ಕದವರು ಎರಡು ರೂಪಾಯಿಯ ನನ್ನನ್ನು ಅಳೆಯುತ್ತಾರೆ. ಮೆಟ್ಟಿಲ ಮೇಲೆ ಆ ಅರ್ಧ ನಿಮಿಷ ನಿಲ್ಲುವುದಕ್ಕಿಂತ ಮಾಘದ ತಣ್ಣೀರೇ ವಾಸಿ.

ಇಷ್ಟಾದರೂ ಕೊನೆಯ ಪಟ್ಟು ಇನ್ನೊಬ್ಬ ಸ್ಟೋಯಿಕ್ ಎಪಿಕ್ಟೀಟಸ್‌ನದು. ಬಾಯಾರಿದಾಗ ತಣ್ಣೀರನ್ನು ಬಾಯಿಗೆ ಹಾಕಿಕೊಂಡು ಉಗಿದುಬಿಡು, ಆದರೆ ಯಾರಿಗೂ ಹೇಳಬೇಡ ಎನ್ನುತ್ತಾನೆ. ಉಗಿಯಬಹುದು, ಹೇಳದೆ ಇರುವುದು ಹೇಗೆ? ವ್ರತ ಮಾಡಿದವರಿಗೆ ಹಸಿವಿಗಿಂತ "ನಂದು ಇವತ್ತು ಉಪವಾಸ" ಎನ್ನದಿರುವುದೇ ಸಂಕಟ.

ನಾನೂ ಪರೀಕ್ಷೆಗೆಂದು, ಹಿಂದಿನ ಮದುವೆಗೆ ಉಟ್ಟಿದ್ದ ಮೆಂತ್ಯ ಬಣ್ಣದ ಸೀರೆಯನ್ನೇ ಮುಂದಿನ ಮದುವೆಗೂ ಉಟ್ಟೆ. ಪಂಕ್ತಿಯಲ್ಲಿ ಪಕ್ಕ ಕುಳಿತ ಚಿಕ್ಕಮ್ಮ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು.

"ಮೈಸೂರು ಮದುವೇಲೂ ಇದೇ ಅಲ್ವೇನೇ?"

"ಹೌದು ಚಿಕ್ಕಮ್ಮ."

ಬ್ಲೌಸ್ ಹೊಲಿಸಿಲ್ಲ ಎನ್ನಲಿಲ್ಲ, ಕೇಟೋನ ಹೆಸರನ್ನೂ ಎತ್ತಲಿಲ್ಲ. ಕೋಸಂಬರಿಯ ಜೊತೆ ಎರಡನ್ನೂ ನುಂಗಿದೆ.

ಚಿಕ್ಕಮ್ಮ ಆಚೀಚೆ ನೋಡಿ, ಸೆರಗು ಸರಿಮಾಡಿಕೊಂಡು ಪಿಸುಗುಟ್ಟಿದರು: "ನಂದೂ ಅದೇ ಕಣೇ. ಯಾರಿಗೂ ಹೇಳ್ಬೇಡ."