ಸೀಲು ಬಿದ್ದಲ್ಲಿ ಸಹಾಯವಾಣಿ

ಆನ್‌ಲೈನ್ ಪಾಠ ಅಂಗವಿಕಲ ವಿದ್ಯಾರ್ಥಿಗಳಿಗೂ ಮುಟ್ಟಬೇಕು, ಅದಕ್ಕೆ ಬೇಕಾದ ನೆರವು ಇಂತಿಂಥಲ್ಲಿ ಸಿಗುತ್ತದೆ ಎಂದು ಸಾರುವ ಸುತ್ತೋಲೆಯೊಂದು ಹಾವೇರಿಯಿಂದ ಹೊರಟು ರಾಣೆಬೆನ್ನೂರು, ಬ್ಯಾಡಗಿಯ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಯಾವ ಕಚೇರಿಯದೋ ತಿಳಿಯಲಿಲ್ಲ. ತಲೆಬರಹ ಫೋಟೊದಲ್ಲಿ ಕತ್ತರಿಸಿಹೋಗಿತ್ತು. ಮಾತಿಗಂತೂ ಸಿಕ್ಕಿತು.

ನಾವು: ನಮಸ್ಕಾರ. ಯಾಕೆ ಹೀಗೆ ಒಂದು ಕಡೆ ವಾಲಿದ್ದೀರಿ?

ಸುತ್ತೋಲೆ: ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ… ಥೂ, ರೂಢಿ ಬಿಡಂಗಿಲ್ಲ ನೋಡ್ರಿ. ಟೇಬಲ್ ಮ್ಯಾಲೆ ಹಾಸಿ ಮೊಬೈಲಿನ್ಯಾಗ ಫೋಟೊ ಹೊಡದ್ರು, ಅದನ್ನ ಪಿಡಿಎಫ್ ಮಾಡಿ ಬಿಟ್ರು. ಎಡಗಡೆ ಮೂಲ್ಯಾಗ ಆಪರೇಟರ್‌ನ ಹೆಬ್ಬೆಟ್ಟೂ ಐತಿ. ಅನಕ್ಷರಸ್ಥ ಅಂತ ತಿಳಕೋಬ್ಯಾಡ್ರಿ, ಹಾಳಿ ಹಾರಬಾರ್ದಂತ ಒತ್ತಿ ಹಿಡದಿದ್ದ.

ನಾವು: ಅಂದರೆ ನಿಮ್ಮೊಳಗೆ ಅಕ್ಷರವೇ ಇಲ್ಲ. ಇರುವುದು ಅಕ್ಷರದ ಚಿತ್ರ.

ಸುತ್ತೋಲೆ: ಕಣ್ಣಿದ್ದವರಿಗೆ ಎರಡೂ ಒಂದ ಅಲ್ಲೇನ್ರಿ? ರಾಣೆಬೆನ್ನೂರಿನ್ಯಾಗ ಕಣ್ಣು ಕಾಣದ ಬಿ.ಎ. ಹುಡುಗಿ ಒಬ್ಬಾಕಿ ಅದಾಳ. ಕಂಪ್ಯೂಟರಿಗೆ ಎನ್‌ವಿಡಿಎ ಹಾಕ್ಕೊಂಡಾಳ. ಅದು ನನ್ನ ಮೈಯೆಲ್ಲಾ ತಡವಿ ‘ಖಾಲಿ’ ಅಂತು! ಮೂರು ಪುಟ, ಹದಿನೆಂಟು ಉಲ್ಲೇಖ, ಎರಡು ಸಹಿ ಹೊತ್ತವ ನಾ. ಹೊಟ್ಟಿ ಉರಿಯಂಗಿಲ್ಲೇನ್ರಿ?

(ಎನ್‌ವಿಡಿಎ ಎಂಬುದು ಪರದೆಯ ಮೇಲಿನದನ್ನು ಓದಿ ಹೇಳುವ ಉಚಿತ ತಂತ್ರಾಂಶ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿದ್ದು, ಆತನೂ ದೃಷ್ಟಿಹೀನ. ಕನ್ನಡವನ್ನೂ ಓದುತ್ತದೆ. ಕನ್ನಡ ಕೊಟ್ಟರೆ.)

ನಾವು: ಮೊದಲು ಟೈಪ್ ಮಾಡಿಯೇ ಮುದ್ರಿಸಿದ್ದಲ್ಲವೇ? ಆ ಕಡತವನ್ನೇ ಕಳಿಸಬಹುದಿತ್ತು.

ಸುತ್ತೋಲೆ: ಅದು ಇನ್ನೊಂದು ಮಜಾ. ನನ್ನ ಬಡದದ್ದು ಹಳೇ ನುಡಿ ಫಾಂಟಿನ್ಯಾಗ. ಹೊರಗ ಕಾಣೋದು ಕನ್ನಡ, ಒಳಗ ಇರೋದು ರೋಮನ್ ಗುರುತು. ‘ಕನ್ನಡ’ ಅಂತ ಇದ್ದದ್ದನ್ನ ಆ ಯಂತ್ರ ಪಿ, ಎ, ಪೌಂಡು ಅಂತ ಲೆಕ್ಕ ಒಪ್ಪಿಸ್ತೈತಿ. 2023ರ ಜನವರಿಯೊಳಗ ನಮ್ಮ ಹಾವೇರಿಯಾಗ 86ನೇ ಸಾಹಿತ್ಯ ಸಮ್ಮೇಳನ ಆತು. ಕನ್ನಡ ಉಳೀಬೇಕು ಅಂತ ಚಪ್ಪಾಳಿ ಹೊಡದವರೆಲ್ಲಾ ಮರುದಿನ ಬಂದು ಪೌಂಡಿನ್ಯಾಗ ಟೈಪ್ ಮಾಡ್ಲಿಕ್ಕೆ ಕುಂತ್ರು.

ನಾವು: ಯುನಿಕೋಡ್‌ಗೆ ಬದಲಾದರೆ ಮುಗಿಯಿತಲ್ಲ. ನುಡಿಯಲ್ಲೇ ಆ ಸೌಲಭ್ಯ ಬಂದು ಎಷ್ಟು ಕಾಲವಾಯಿತು!

ಸುತ್ತೋಲೆ: ಹಳೇ ಕಡತ ತೆಗದು ದಿನಾಂಕ ಬದಲಿ ಮಾಡಿದ್ರ ಹೊಸ ಸುತ್ತೋಲೆ. ನಡುವ ಈ ಯುನಿಕೋಡು ಯಾಕ್ರಿ?

ನಾವು: ಹೋಗಲಿ, ನಿಮ್ಮೊಳಗೆ ಬರೆದಿರುವುದೇನು?

ಸುತ್ತೋಲೆ: (ಎದೆಯುಬ್ಬಿಸಿ) ಎಲ್ಲಾ ಚಲೋ ಬರದಾರ. ಮುದ್ರಿತ ಪುಸ್ತಕ ಓದಲಾರದವರಿಗೆ 2016ರಿಂದ ‘ಸುಗಮ್ಯ ಪುಸ್ತಕಾಲಯ’ ಅಂತ ಆನ್‌ಲೈನ್ ಗ್ರಂಥಾಲಯ ಐತಿ. ಕಿವುಡರಿಗೆ ಭಾರತೀಯ ಸಂಜ್ಞಾ ಭಾಷೆಯ ನಿಘಂಟು, 2021ರೊಳಗ ಹತ್ತು ಸಾವಿರ ಪದಕ್ಕ ಮುಟ್ಟೈತಿ. ಕಾಲೇಜಿನವರಿಗೆ 2022ರ ಯುಜಿಸಿ ಮಾರ್ಗಸೂಚಿ. ಮುದ್ರಿತ ಪುಸ್ತಕ ಓದಲಾರದವರಿಗಂತ ಅದರ ರೂಪ ಬದಲಿಸಿದ್ರ ಹಕ್ಕುಸ್ವಾಮ್ಯ ಅಡ್ಡಿ ಬರಬಾರ್ದು ಅನ್ನೋ ಮರಾಕೆಶ್ ಒಪ್ಪಂದಕ್ಕ 2014ರಾಗ ಜಗತ್ತಿನ್ಯಾಗ ಎಲ್ಲಾರಕಿಂತ ಮೊದ್ಲು ಅನುಮೋದನೆ ಕೊಟ್ಟದ್ದು ನಮ್ಮ ದೇಶ. ಅಷ್ಟು ದೂರ ಯಾಕ, ಶಾಲಿ ಮಕ್ಕಳಿಗೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಾಗ ಸಮನ್ವಯ ಶಿಕ್ಷಣದ ಬಿಐಇಆರ್‌ಟಿ ಶಿಕ್ಷಕರು, ಹಳ್ಳಿಯಾಗ ವಿಆರ್‌ಡಬ್ಲ್ಯೂ ಅಂದ್ರ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಮತ್ತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಕಲಂ 42: ಮಾಹಿತಿ ಎಲ್ಲಾರಿಗೂ ಎಟಕುವ ರೂಪದಾಗ ಇರಬೇಕು.

ನಾವು: ಕಲಂ 42 ನಿಮ್ಮ ಎಷ್ಟನೇ ಪುಟದಲ್ಲಿದೆ?

ಸುತ್ತೋಲೆ: ಎರಡನೇದ್ರಾಗ. ಹೆಬ್ಬೆಟ್ಟಿನ ಕೆಳಗ.

ನಾವು: ಸಹಾಯವಾಣಿ ಸಂಖ್ಯೆ?

ಸುತ್ತೋಲೆ: ಕೊನೇ ನಾಕು ಅಂಕಿ ಮ್ಯಾಲೆ ಸೀಲು ಬಿದ್ದೈತಿ. ಸೀಲು ಇಲ್ಲಂದ್ರ ನನಗ ಬೆಲಿ ಇಲ್ಲ, ಇದ್ರ ಜನಕ್ಕ ಉಪಯೋಗ ಇಲ್ಲ. ಖರೇ ಹೇಳ್ಬೇಕಂದ್ರ ನಾನೂ ಬ್ಯಾಡಗಿ ಮೆಣಸಿನಕಾಯಿ ಇದ್ದಂಗ ರೀ. ಬಣ್ಣ ಭಾಳ, ಖಾರ ಕಡಿಮಿ.

ನಾವು: ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ನಿಮಗೆ?

ಸುತ್ತೋಲೆ: ಜಾವಕ ನಂಬರ್ ಸಿಕ್ಕೈತಿ.

ನಾವು: ಬ್ಯಾಡಗಿಯಲ್ಲಿ ನಿಮ್ಮನ್ನು ಯಾರಾದರೂ ಜಾರಿಗೆ ತಂದರೇ?

ಸುತ್ತೋಲೆ: ಒಬ್ಬ ಮೇಷ್ಟ್ರು ಹುಕಿಯಿಂದ ವಿಡಿಯೊ ಪಾಠ ಮಾಡಿದ್ರು. ಮುಖ ಬೋರ್ಡಿನ ಕಡೆ, ಬೆನ್ನು ಕ್ಯಾಮೆರಾ ಕಡೆ. ಕಿವುಡ ಹುಡುಗ ತುಟಿ ನೋಡ್ಬೇಕಂದ್ರ ತುಟಿ ಇಲ್ಲ, ಕೆಳಗ ಅಕ್ಷರ ಓದ್ಬೇಕಂದ್ರ ಅಕ್ಷರ ಇಲ್ಲ. ವರದಿಯೊಳಗ ಮಾತ್ರ ‘ಶೇಕಡಾ ನೂರು ಸಾಧನೆ’.

ನಾವು: ಆ ರಾಣೆಬೆನ್ನೂರಿನ ಹುಡುಗಿ ಏನು ಮಾಡಿದಳು?

ಸುತ್ತೋಲೆ: ಆಕಿ ನಮ್ಮಂಥವರನ್ನ ಭಾಳ ಮಂದಿ ನೋಡ್ಯಾಳ ಬಿಡ್ರಿ. ನನ್ನ ಗೂಗಲ್ ಡ್ರೈವಿಗೆ ಏರಿಸಿ ಡಾಕ್ಸಿನ್ಯಾಗ ತೆರದ್ಲು. ಚಿತ್ರದಾಗಿನ ಅಕ್ಷರ ಎದ್ದು ಬಂದ್ವು. ವಾಲಿದ ಸಾಲಿನ್ಯಾಗ ತಪ್ಪು ಬಿದ್ದಿದ್ವು, ತಂಗಿನ್ನ ಕೂಡಿಸಿಕೊಂಡು ತಿದ್ದಿ, ಯುನಿಕೋಡಿನ ಪ್ರತಿ ಮಾಡಿ ಗುಂಪಿಗೆ ಹಾಕಿದ್ಲು. ಬ್ಯಾಡಗಿಯ ಮೇಷ್ಟ್ರು ಮೊದಲ ಸಲ ನನ್ನ ಪೂರ್ತಿ ಓದಿದ್ದು ಅದರಾಗ.

ನಾವು: ಭೇಷ್! ಕಚೇರಿಯವರು ಏನಂದರು?

ಸುತ್ತೋಲೆ: ‘ಸೀಲಿಲ್ಲದ ಪ್ರತಿ ಅಧಿಕೃತವಲ್ಲ’ ಅಂತ ಅಳಿಸಿಸಿದ್ರು. ನನ್ನ ಮತ್ತ ಹಾಕಿದ್ರು. ಈ ಸಲ ಇನ್ನೂ ತುಸು ವಾಲೇನಿ.

ನಾವು: ಓದಲು ಬರುವ ಅಧಿಕೃತ ಪ್ರತಿ ಬೇಕೆಂದರೆ ದಾರಿಯೇ ಇಲ್ಲವೇ?

ಸುತ್ತೋಲೆ: ಯಾಕಿಲ್ರಿ? ಅರ್ಜಿ ಕೊಡಬೇಕು. ನಮೂನೆ ಅನುಬಂಧ 3ರಾಗ ಐತಿ.

ನಾವು: ಅನುಬಂಧ 3 ಎಲ್ಲಿ?

ಸುತ್ತೋಲೆ: ಹಾಳಿಯ ಹಿಂಬದಿಗೆ. ಫೋಟೊ ಹೊಡೆಯುವಾಗ ಯಾರೂ ತಿರುವಿ ಹಾಕಲಿಲ್ಲ.