ಅತಿಥಿಗಳೇ, ಆಳವಾಗಿ ಉಸಿರೆಳೆದುಕೊಳ್ಳಿ

ಕಾಲೇಜಿನ ಯುವ ಉಪನ್ಯಾಸಕರಿಗೆ ಸೊಂಟ ಯಾಕೆ ನೋಯುತ್ತದೆ ಎಂಬುದು ಕೊನೆಗೂ ಪತ್ತೆಯಾಗಿದೆ. ಒತ್ತಡದ ಬಗ್ಗೆ ಬರೆಯುವವರ ಪ್ರಕಾರ ಅವರಿಗೆ ತಮ್ಮ ಭಾವನೆಗಳ ಅರಿವಿಲ್ಲವಂತೆ! ಮನಸ್ಸಿನೊಳಗಿನದನ್ನು ಬಾಯಿ ಹೇಳದಿದ್ದರೆ ಮೈ ಹೇಳುತ್ತದೆ ಎಂಬ ವಾದ ಹೊಸದೇನಲ್ಲ. ಹೀಗೆ ಭಾವನೆಗೆ ಮಾತು ಸಿಗದವರ ಸ್ಥಿತಿಗೆ ಅಮೆರಿಕದ ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದಲ್ಲೇ ‘ಅಲೆಕ್ಸಿಥೈಮಿಯ’ ಎಂದು ಹೆಸರಿಟ್ಟಿದ್ದರು. ಶಾಸ್ತ್ರದಲ್ಲಿ ತಪ್ಪು ಹುಡುಕುವ ಯೋಗ್ಯತೆ ನನಗಿಲ್ಲ. ಆದರೆ ಪಾಪ, ಸಿಫ್ನಿಯೋಸ್ ಸಾಹೇಬರು ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿಗೆ ಬೆಳಗಿನ ಬಸ್ಸಿನಲ್ಲಿ ನಿಂತು ಬಂದವರಲ್ಲ.

ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅತಿಥಿ ಉಪನ್ಯಾಸಕರು ಬರುತ್ತಾರೆ. ಒಂದು ಕೈ ಮೇಲಿನ ಸರಳಿಗೆ, ಇನ್ನೊಂದು ಕೈ ಟಿಫಿನ್ ಡಬ್ಬಿ ಇಟ್ಟ ಚೀಲಕ್ಕೆ. “ಮುಂದ ಸರೀರಿ ಸರ್, ಮುಂದ ಖಾಲಿ ಐತಿ” ಎನ್ನುತ್ತಾನೆ ಕಂಡಕ್ಟರ್. ಮುಂದೆ ಖಾಲಿ ಇರುವುದು ಡ್ರೈವರನ ಗಾಜಿನಾಚೆಯ ರಸ್ತೆ ಮಾತ್ರ, ಅದೂ ಗುಂಡಿ ಬಿಟ್ಟು ಉಳಿದಷ್ಟು. ಕೆಲಸ ಜೋಯಿಡಾದಲ್ಲಾದರೆ ದಾಂಡೇಲಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಅದು ತಪ್ಪಿದರೆ ಮೊದಲ ಪೀರಿಯಡ್ಡೂ ತಪ್ಪಿತು. ನಿಂತು ಬಂದವರು ಕಾಲೇಜಿಗೆ ಬಂದು ನಿಂತೇ ಪಾಠ ಮಾಡುತ್ತಾರೆ. ಆಮೇಲಾದರೂ ಕೂರೋಣವೆಂದು ಸ್ಟಾಫ್ ರೂಮಿಗೆ ಹೋದರೆ, ಬೆನ್ನಿಗೆ ಟವೆಲ್ಲು ಹೊದ್ದ ಕುರ್ಚಿಗಳೆಲ್ಲ ಖಾಯಂ ಆದವರವು. ಅತಿಥಿಗೆ ಮೂಲೆಯ ಬೆಂಚು. ಅತಿಥಿ ದೇವೋ ಭವ. ದೇವರನ್ನು ಮೂಲೆಯಲ್ಲಿ ಕೂರಿಸುವುದು ನಮ್ಮಲ್ಲಿ ಹೊಸತಲ್ಲ.

ಇದೇ ಜೋಯಿಡಾ ತಾಲೂಕಿನ ಗಣೇಶಗುಡಿಗೆ ಬೆಂಗಳೂರಿನ ಐಟಿ ಹುಡುಗರು ವಾರದ ಕೊನೆಗೆ ಬರುತ್ತಾರೆ. ಒತ್ತಡ ಕಳೆಯಲೆಂದು ದುಡ್ಡು ಕೊಟ್ಟು ರಬ್ಬರ್ ದೋಣಿಯಲ್ಲಿ ಕೂತು ಕಾಳಿ ನದಿಯ ಬಂಡೆಗಳ ಮೇಲೆ ಎತ್ತಿ ಹಾಕಿಸಿಕೊಳ್ಳುತ್ತಾರೆ. ಉಪನ್ಯಾಸಕರಿಗೆ ಅಷ್ಟೇ ಕುಲುಕಾಟ ಬಸ್ಸಿನ ಟಿಕೆಟ್ಟಿನಲ್ಲೇ ಸಿಗುತ್ತದೆ, ಆದರೂ ಒತ್ತಡ ಕಳೆಯುವುದಿಲ್ಲ. ಲೈಫ್ ಜಾಕೆಟ್ ಇಲ್ಲದ್ದೇ ಕಾರಣವಿರಬೇಕು.

ಒತ್ತಡದ ಬಗ್ಗೆ ಬರೆಯುವವರು ಕೆಲಸದ ಹೊರೆ ಹೆಚ್ಚಾದರೆ ಮನುಷ್ಯ ಕುಸಿಯುತ್ತಾನೆ ಎನ್ನುತ್ತಾರೆ. ನಮ್ಮ ಅತಿಥಿಗೆ ಎದೆ ಹೊಡೆದುಕೊಳ್ಳುವುದು ಹೊರೆ ಇಳಿದಾಗ. ಖಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರೆಂಬ ಸುದ್ದಿ ಸಾಕು, ಇವರ ಪೀರಿಯಡ್ಡುಗಳು ಅವರ ಪಾಲಾಗುತ್ತವೆ, ಇವರು ಮನೆಪಾಲಾಗುತ್ತಾರೆ. ಮಕ್ಕಳ ಪ್ರವೇಶ ಕಮ್ಮಿಯಾಗಿ ಒಂದು ಸೆಕ್ಷನ್ ಮುಚ್ಚಿದರೂ ಅದೇ ಗತಿ. ಆದ್ದರಿಂದ ನಮ್ಮಲ್ಲಿ ಸುಶಿಕ್ಷಿತರು ವರ್ಕ್‌ಲೋಡ್ ಹೆಚ್ಚಲಿ ಎಂದು ಉಳವಿ ಚನ್ನಬಸವಣ್ಣನಿಗೆ ಹರಕೆ ಹೊರುತ್ತಾರೆ. ಇದನ್ನು ಒತ್ತಡ ಅಳೆಯುವ ಯಾವ ಪ್ರಶ್ನಾವಳಿಯ ಯಾವ ಕಾಲಮ್ಮಿಗೆ ತುಂಬಿಸುತ್ತೀರಿ?

ಲೆಕ್ಕವನ್ನೂ ನೋಡಿಬಿಡೋಣ. 2022ರ ಜನವರಿಯಲ್ಲಿ ಸರ್ಕಾರ ಅತಿಥಿಗಳ ತಿಂಗಳ ಗೌರವಧನವನ್ನು 11–13 ಸಾವಿರದಿಂದ 26–32 ಸಾವಿರಕ್ಕೆ ಏರಿಸಿತು. ಜೊತೆಗೆ ವಾರಕ್ಕೆ 15 ಗಂಟೆ ಪಾಠ ಎಂದಿತು. ಗಂಟೆ ಹೆಚ್ಚಿದ್ದರಿಂದ ಇಬ್ಬರ ಪಾಠ ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರಿಗೆ ವಿಶ್ರಾಂತಿ ಸಿಕ್ಕಿತು. 2023ರ ಕೊನೆಯಲ್ಲಿ ಅತಿಥಿಗಳು ಖಾಯಂ ಮಾಡಿ ಎಂದು ತರಗತಿ ಬಿಟ್ಟು ಕುಳಿತರು. 2024ರ ಹೊಸ ವರ್ಷವನ್ನು ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟು ಆಚರಿಸಿದರು. ಸೇವಾವಧಿಗೆ ತಕ್ಕಂತೆ ಐದರಿಂದ ಎಂಟು ಸಾವಿರ ಹೆಚ್ಚಳ ಸಿಕ್ಕಿತು, ತಿಂಗಳಿಗೊಂದು ರಜೆ ಸಿಕ್ಕಿತು. ಖಾಯಮಾತಿ ಸಿಗಲಿಲ್ಲ. ಕಾಲುನೋವು ಮಾತ್ರ ಖಾಯಂ ಆಯಿತು.

ಇದರ ನಡುವೆ ಯುಜಿಸಿಯ ಮಹಿಮೆ ಹೇಳಲೇಬೇಕು. ನೆಟ್, ಕೆಸೆಟ್ ಅಥವಾ ಪಿಎಚ್.ಡಿ. ಇಲ್ಲವೆಂದು ಹತ್ತಾರು ವರ್ಷ ಪಾಠ ಮಾಡಿದವರನ್ನು ಹೊರಗೆ ನಿಲ್ಲಿಸುವಾಗ ಯುಜಿಸಿ ನಿಯಮ ವೇದವಾಕ್ಯ. ಅದೇ ಯುಜಿಸಿ 2019ರಲ್ಲಿ ಅತಿಥಿ ಅಧ್ಯಾಪಕರಿಗೆ ಪ್ರತಿ ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ 50 ಸಾವಿರದವರೆಗೆ ಕೊಡಬಹುದು ಎಂದಿದೆ. ಆ ಪುಟ ಬಂದಾಗ ಮಾತ್ರ ಕರೆಂಟು ಹೋಗುತ್ತದೆ. ಅರ್ಹತೆ ಕೇಳಲು ದಿಲ್ಲಿ, ದುಡ್ಡು ಕೇಳಿದರೆ ಹಣಕಾಸು ಇಲಾಖೆ.

ಅರ್ಹತೆಯ ಮಾತು ಬಂತಲ್ಲ, ನಮ್ಮದೇ ಜಿಲ್ಲೆಯ ಮುಂಡಗೋಡದಲ್ಲಿ ಟಿಬೆಟನ್ನರ ಡ್ರೆಪುಂಗ್, ಗಾಡೆನ್ ಮಠಗಳಿವೆ. ಅಲ್ಲಿ ಗೆಶೆ ಎಂಬ ಬೌದ್ಧ ವಿದ್ವತ್ ಪದವಿಗೆ ಸುಮಾರು ಇಪ್ಪತ್ತು ವರ್ಷ ಓದಬೇಕು. ಭಿಕ್ಷುಗಳು ಅಂಗಳದಲ್ಲಿ ಎದುರಾಳಿಯ ಮುಂದೆ ಚಪ್ಪಾಳೆ ಹೊಡೆದು, ಕಾಲು ಅಪ್ಪಳಿಸಿ ಪ್ರಶ್ನೆ ಕೇಳುತ್ತಾರೆ. ಇಪ್ಪತ್ತು ವರ್ಷದ ಕೊನೆಗೆ ಅವರು ಗೆಶೆ ಆಗುತ್ತಾರೆ. ಅದೇ ಊರಿನ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಕಳೆದರೂ ಅತಿಥಿ ಅತಿಥಿಯೇ. ಕಾಲು ಅಪ್ಪಳಿಸಿ ಪ್ರಶ್ನೆ ಕೇಳಿದರೆ ಮುಂದಿನ ವರ್ಷ ಅತಿಥಿ ನೇಮಕದ ಕೌನ್ಸೆಲಿಂಗ್ ಪಟ್ಟಿಯಲ್ಲಿ ಹೆಸರು ಇರುತ್ತದೋ ಇಲ್ಲವೋ ಎಂಬ ಅಳುಕು ಬೇರೆ.

ಇಷ್ಟರ ಮೇಲೆ ಕಾಲೇಜಿಗೆ ನ್ಯಾಕ್ ಮೌಲ್ಯಮಾಪನ ಬಂತೆಂದರೆ ‘ಒತ್ತಡ ನಿರ್ವಹಣೆ’ ಕಾರ್ಯಾಗಾರ ಗ್ಯಾರಂಟಿ. ಬ್ಯಾನರ್ ಕಟ್ಟುವುದು, ಮೈಕ್ ತರುವುದು, ಸಂಪನ್ಮೂಲ ವ್ಯಕ್ತಿಗೆ ಶಾಲು-ಹಾರ ಒದಗಿಸುವುದು, ವರದಿ ಬರೆಯುವುದು ಯಾರು? ಅತಿಥಿಗಳು. “ಕಣ್ಣು ಮುಚ್ಚಿ, ಈಗ ನಿಮ್ಮೊಳಗೆ ಏನು ಅನ್ನಿಸುತ್ತಿದೆ ಗಮನಿಸಿ” ಎನ್ನುತ್ತಾರೆ ಸಂಪನ್ಮೂಲರು. ಹಿಂದಿನ ಸಾಲಿನ ಮೇಡಂ ಒಬ್ಬರು ಕಣ್ಣು ಮುಚ್ಚಿಯೇ ಹೇಳುತ್ತಾರೆ: “ಸರ್, ಮೂರು ತಿಂಗಳಿಂದ ಪಗಾರ ಆಗಿಲ್ರಿ ಅನ್ನಸಾಕತ್ತೈತಿ.” ಸಭೆಯಲ್ಲಿ ನಗು. ಸಂಪನ್ಮೂಲರು ಇದು ನಕಾರಾತ್ಮಕ ಚಿಂತನೆ ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ. ಕೊನೆಗೆ ಜಿಯೋಟ್ಯಾಗ್ ಫೋಟೊ, ಎಲ್ಲರೂ ನಗಬೇಕು. ಅಕ್ಷಾಂಶ ರೇಖಾಂಶ ಸಮೇತ ಆನಂದ ದಾಖಲಾಗುತ್ತದೆ.

ಭಾವನೆಯ ಅರಿವು ಬೇಡ ಎನ್ನುತ್ತಿಲ್ಲ. ಅದು ಆ ಮೇಡಂಗೆ ಸಂಪನ್ಮೂಲ ವ್ಯಕ್ತಿಗಿಂತ ಚೆನ್ನಾಗಿಯೇ ಇದೆ. ತಿಂಗಳು, ಬಾಕಿ ಎಲ್ಲ ಸಮೇತ ಹೇಳಿದರಲ್ಲ. ಅರಿವಿನ ಕೊರತೆ ಇರುವುದು ಕಡತ ಇಟ್ಟುಕೊಂಡು ಕೂತವರಲ್ಲಿ. ಆದ್ದರಿಂದ ಮುಂದಿನ ಕಾರ್ಯಾಗಾರ ಏರ್ಪಡಿಸುವ ಪ್ರಾಚಾರ್ಯರಲ್ಲಿ ಒಂದು ವಿನಂತಿ: ಸಂಪನ್ಮೂಲ ವ್ಯಕ್ತಿಗೆ ಕಾರು ಕಳಿಸಬೇಡಿ, ಬೆಳಗಿನ ಬಸ್ಸಿಗೆ ಬರಹೇಳಿ. ಮೂಲೆಯ ಬೆಂಚಿನ ಮೇಲೆ ಕೂರಿಸಿ. ಅವರ ಸಂಭಾವನೆಯನ್ನು ಅನುದಾನ ಬಿಡುಗಡೆಯಾದ ಮೇಲೆ ಕೊಡುತ್ತೇವೆಂದು ಹೇಳಿ ಕಳಿಸಿ.