ರೇಡಿಯೇಟರ್ ನಿದಾನ: ಅಷ್ಟಸ್ಥಾನ ಪರೀಕ್ಷೆಯ ಬೆಳಕಿನಲ್ಲಿ ಒಂದು ವಿವೇಚನೆ

ರೋಗಿಯನ್ನು ಎಂಟು ಸ್ಥಾನಗಳಲ್ಲಿ ಪರೀಕ್ಷಿಸಬೇಕೆಂದು ಯೋಗರತ್ನಾಕರ ವಿಧಿಸುತ್ತದೆ: ನಾಡಿ, ಮೂತ್ರ, ಮಲ, ಜಿಹ್ವೆ, ಶಬ್ದ, ಸ್ಪರ್ಶ, ದೃಕ್, ಆಕೃತಿ. ರೋಗಿ ಎಂದರೆ ಮನುಷ್ಯ ಎಂದೇ ಗ್ರಂಥಕಾರರು ಭಾವಿಸಿದ್ದಿರಬಹುದು. ಆದರೆ ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ವಿಕ್ಟೋರಿಯಾ ಕಾಲದ ಮನೆಯೊಂದನ್ನು ಕೊಂಡ ಸಾಗರ ಸೀಮೆಯ ಗೃಹಸ್ಥನೊಬ್ಬನಿಗೆ ಈ ಶಾಸ್ತ್ರ ಅನ್ವಯವಾದದ್ದು ಗೋಡೆಗೆ ತಗುಲಿಹಾಕಿದ ಒಂಬತ್ತು ಕಬ್ಬಿಣದ ರೋಗಿಗಳ ಮೇಲೆ.

ಊರಿನ ಬಚ್ಚಲೊಲೆಯಲ್ಲಿ ನಿದಾನಶಾಸ್ತ್ರಕ್ಕೆ ಕೆಲಸವಿರಲಿಲ್ಲ. ಕೆಳಗೆ ಅಡಿಕೆ ಸಿಪ್ಪೆಯ ಉರಿ, ಮೇಲೆ ಹಂಡೆ. ಹಂಡೆ ತೂತಾಗುವುದೊಂದೇ ರೋಗ. ಇಲ್ಲಿ ಹಾಗಲ್ಲ. ಬಾಯ್ಲರು ಕಾಯಿಸಿದ ನೀರನ್ನು ಪಂಪು ತಾಮ್ರದ ಕೊಳವೆಗಳಲ್ಲಿ ನೂಕುತ್ತದೆ. ನೀರು ರೇಡಿಯೇಟರುಗಳನ್ನು ಹೊಕ್ಕು, ಬಿಸಿ ಬಿಟ್ಟು, ಅದೇ ಬಾಯ್ಲರಿಗೆ ಮರಳುತ್ತದೆ. ಮುಚ್ಚಿದ ಈ ಸುತ್ತಿನಲ್ಲಿ ಅದೇ ನೀರು ವರ್ಷಗಟ್ಟಲೆ ತಿರುಗುತ್ತದೆ. ತಣ್ಣಗಿರುವಾಗ ಒತ್ತಡ 1ರಿಂದ 1.5 ಬಾರ್ ಇರಬೇಕು. ಗೃಹಸ್ಥನ ಮನೆಯಲ್ಲಿ ಅದು ಮೂರು ದಿನಕ್ಕೊಮ್ಮೆ ಅರ್ಧ ಬಾರಿಗೆ ಇಳಿಯುತ್ತಿತ್ತು. "ಏನ್ರೀ, ಮಗು ಕೋಣೆ ಮತ್ತೆ ತಣ್ಣಗಿದೆ" ಎಂದು ಹೆಂಡತಿ ವರದಿ ಮಾಡುವಳು. ಫೋನಿನಲ್ಲಿ ತಾಯಿ ಕೇಳಿದರು: "ಊದುಗೊಳವೆ ತಗೊಂಡು ಊದಿದ್ಯೇನೋ?" ಈ ಮತವನ್ನು ಅಶಾಸ್ತ್ರೀಯವೆಂದು ಪಕ್ಕಕ್ಕಿಟ್ಟು ಸಂಶೋಧನೆ ಆರಂಭವಾಯಿತು.

ಮೊದಲು ಸ್ಪರ್ಶ. ರೇಡಿಯೇಟರಿನ ತಲೆ ತಣ್ಣಗಿದ್ದು ಕಾಲು ಬಿಸಿಯಿದ್ದರೆ ವಾತ: ಮೇಲೆ ಗಾಳಿ ಸೇರಿದೆ. ಹೀಟಿಂಗ್ ಆರಿಸಿ, ಮೂಲೆಯ ತಿರುಪನ್ನು ಪುಟ್ಟ ಚೌಕ ಕೀಲಿಯಿಂದ ಸಡಿಲಿಸಿದರೆ ಅದು ಸುಯ್ಯೆಂದು ನಿಟ್ಟುಸಿರು ಬಿಡುತ್ತದೆ. ನೀರು ಇಣುಕಿದ ಕೂಡಲೇ ಬಿಗಿಯಬೇಕು. ತಲೆ ಬಿಸಿ, ಬುಡದ ನಡುಭಾಗ ತಣ್ಣಗೆ ಎಂದಾದರೆ ಕಫ: ತಳದಲ್ಲಿ ಬಗ್ಗಡ ಕೂತಿದೆ. ಒಂದೇ ಒಂದು ರೇಡಿಯೇಟರ್ ಪೂರ್ತಿ ತಣ್ಣಗಿದ್ದರೆ ಅದರ ಥರ್ಮೋಸ್ಟಾಟ್ ವಾಲ್ವಿನ ತಲೆ ಬಿಚ್ಚಿ ನೋಡಬೇಕು. ಬೇಸಿಗೆಯಿಡೀ ಮಲಗಿದ್ದ ಒಳಗಿನ ಕಡ್ಡಿ ಅಲ್ಲೇ ಕಚ್ಚಿಕೊಂಡಿರುತ್ತದೆ. ಬಾಯ್ಲರಿನ ಹತ್ತಿರದವು ಸುಡುತ್ತಿದ್ದು ದೂರದ್ದು ಮಾತ್ರ ಬೆಚ್ಚಗಾಗದಿದ್ದರೆ ಅದು ಪಂಕ್ತಿಭೇದ. ಮೊದಲ ಎಲೆಗಳಿಗೇ ಸೌಟುಗಟ್ಟಲೆ ಸುರಿದರೆ ಕೊನೆಯ ಎಲೆಗೆ ಪಾಯಸ ಎಲ್ಲಿಂದ ಬರಬೇಕು? ಹತ್ತಿರದವರ ಇನ್ನೊಂದು ತುದಿಯ ವಾಲ್ವನ್ನು ತುಸು ಬಿಗಿಯುವುದೇ ಚಿಕಿತ್ಸೆ.

ಶಬ್ದ ಮೂರು ಬಗೆ. ಗುಳುಗುಳು ಎಂದರೆ ಗಾಳಿ. ಟಕ್ ಟಕ್ ಎಂದರೆ ಬಿಸಿಗೆ ಹಿಗ್ಗಿದ ತಾಮ್ರ ನೆಲದ ತೊಲೆಗೆ ಉಜ್ಜುತ್ತಿದೆ, ಆಯುಷ್ಯಕ್ಕೆ ಭಯವಿಲ್ಲ. ಬಾಯ್ಲರೇ ಚಹಾದ ಕೆಟಲಿನಂತೆ ಗೊರಗುಟ್ಟಿದರೆ ಒಳಗೆ ಸುಣ್ಣದ ಪದರ ಕಟ್ಟಿದೆ ಎಂಬ ಶಂಕೆ; ಥೇಮ್ಸ್ ಕಣಿವೆಯ ಸೀಮೆಸುಣ್ಣದ ನೆಲ ಕೊಡುವುದು ಗಡಸು ನೀರನ್ನೇ.

ನಾಡಿಯೆಂದರೆ ಪಂಪು. ಮೈಮೇಲೆ ಬೆರಳಿಟ್ಟರೆ ಸಣ್ಣ ಕಂಪನ ಸಿಗಬೇಕು. ಜಿಹ್ವಾ ಪರೀಕ್ಷೆ ನಿಷಿದ್ಧ. ನೀರಿನಲ್ಲಿ ತುಕ್ಕುನಿರೋಧಕ ರಾಸಾಯನಿಕವಿರುತ್ತದೆ.

ಮಲಪರೀಕ್ಷೆಯಲ್ಲಿ ಗೃಹಸ್ಥ ಬೆಚ್ಚಿದ. ಬಟ್ಟಲಿಗೆ ಹಿಡಿದ ನೀರು ಕಾಡಿಗೆಯಂತಿತ್ತು. ಅಯಸ್ಕಾಂತ ಹಿಡಿದರೆ ಕಪ್ಪು ಪುಡಿ ಎದ್ದು ಅಂಟಿಕೊಂಡಿತು. ಅದು ಮ್ಯಾಗ್ನೆಟೈಟ್, ರೇಡಿಯೇಟರುಗಳ ಸ್ವಂತ ಮೈಯೇ ಕರಗಿದ್ದು. ಕಾರಣ ಬೇರಾರೂ ಅಲ್ಲ, ವೈದ್ಯನೇ. ಒತ್ತಡ ಇಳಿದಾಗಲೆಲ್ಲ ಅವನು ಹೊಸ ನೀರು ತುಂಬಿಸುತ್ತಿದ್ದ. ಹೊಸ ನೀರಿನೊಂದಿಗೆ ಆಮ್ಲಜನಕ ಬಂತು. ಉಕ್ಕು ಸವೆದು ಬಗ್ಗಡವಾಯಿತು, ಜೊತೆಗೆ ಹೈಡ್ರೋಜನ್ ಹುಟ್ಟಿ ತಲೆಗೇರಿತು. ಅದನ್ನು ವಾತವೆಂದು ಅವನು ಹೊರಬಿಟ್ಟ. ಬಿಟ್ಟೊಡನೆ ಒತ್ತಡ ಇಳಿಯಿತು. ಮತ್ತೆ ನೀರು ತುಂಬಿಸಿದ. ಪುನರಪಿ ಜನನಂ ಎಂಬುದು ಕೊಳವೆಗಳಿಗೂ ತಪ್ಪಿದ್ದಲ್ಲ.

ಆಕೃತಿ ಪರೀಕ್ಷೆ ದುಬಾರಿಯಾಯಿತು. ಬೆಸುಗೆಗಳಲ್ಲಿ ಹಸಿರು ಕಿಲುಬು, ಚಾವಣಿಯಲ್ಲಿ ಕಂದು ನಕ್ಷೆ, ಕಾರ್ಪೆಟ್ ಹಾಸಿದವರ ಮೊಳೆ ಹೊಕ್ಕ ಪೈಪು, ಇವೆಲ್ಲ ಸೋರಿಕೆಯ ಲಕ್ಷಣಗಳು. ಎಂಟು ಹಲಗೆ ಕಿತ್ತು ನೋಡಿದರೂ ಒಂದೂ ಸಿಗಲಿಲ್ಲ. ಆಮೇಲೆ ದೃಕ್ ಪರೀಕ್ಷೆಯ ನೆನಪಾಯಿತು, ಅಂದರೆ ಗೇಜನ್ನು ಕಣ್ಣಿಟ್ಟು ನೋಡುವುದು. ಹೀಟಿಂಗ್ ಆರಿಸಿದ ರಾತ್ರಿಯಿಡೀ ಮುಳ್ಳು ಕದಲಲಿಲ್ಲ: ಪೈಪುಗಳು ನಿರ್ದೋಷಿಗಳು. ಬೆಳಿಗ್ಗೆ ಉರಿ ಹಚ್ಚಿದೊಡನೆ ಅದೇ ಮುಳ್ಳು 3 ಬಾರಿಗೆ ಜಿಗಿಯಿತು.

ಉಳಿದದ್ದು ಮೂತ್ರಪರೀಕ್ಷೆ. 3 ಬಾರ್ ದಾಟಿದರೆ ಬಾಯ್ಲರಿನ ಸುರಕ್ಷಾ ವಾಲ್ವು ತೆರೆದು, ಹೊರಗೋಡೆಯ ತಾಮ್ರದ ನಳಿಗೆಯಿಂದ ನೀರು ಬಿಡುತ್ತದೆ. ನಳಿಗೆಯ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಡಲಾಯಿತು. ಸಂಜೆಗೆ ಚೀಲ ತುಂಬಿ ಜೋತಾಡುತ್ತಿತ್ತು. ಪಕ್ಕದ ಮನೆಯ ಇಂಗ್ಲಿಷ್ ಮುದುಕಿ ಅದನ್ನು ನೋಡಿದರೂ ಹವಾಮಾನದ ಬಗ್ಗೆಯಷ್ಟೇ ಮಾತಾಡಿದಳು.

ಬಾಯ್ಲರಿನ ಹೊಟ್ಟೆ ಬಿಚ್ಚುವುದು ಗೃಹಸ್ಥನ ಅಧಿಕಾರವಲ್ಲ. ಬ್ರಿಟನ್ನಿನಲ್ಲಿ 2009ರಿಂದ ಅದಕ್ಕೆ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿರಬೇಕು. ಅಂಥವನೊಬ್ಬ ಬಂದು, ಎಂಟು ಸ್ಥಾನಗಳನ್ನೂ ಬಿಟ್ಟು, ಒಳಗಿನ ಕೆಂಪು ಡಬ್ಬಿಯೊಂದರ ವಾಲ್ವನ್ನು ಒತ್ತಿದ. ಕಾರಿನ ಟೈರಿಗಿರುವಂಥದ್ದೇ ವಾಲ್ವು. ಉಸಿರೂ ಇಲ್ಲ, ನೀರೂ ಇಲ್ಲ.

10 ಡಿಗ್ರಿಯಿಂದ 80ಕ್ಕೆ ಕಾದ ನೀರು ಸುಮಾರು 3 ಶೇಕಡಾ ಹಿಗ್ಗುತ್ತದೆ. 100 ಲೀಟರಿಗೆ 3 ಲೀಟರು ಹೆಚ್ಚು. ಆ ಹೆಚ್ಚುವರಿಗೆ ಜಾಗ ಕೊಡಲೆಂದೇ ಡಬ್ಬಿಯೊಳಗೆ ರಬ್ಬರ್ ಪೊರೆ, ಪೊರೆಯ ಹಿಂದೆ ಗಾಳಿ. ಪೊರೆ ಹರಿದಿದ್ದರೆ ವಾಲ್ವಿನಿಂದ ನೀರು ಬರುತ್ತಿತ್ತು. ಪೊರೆ ಗಟ್ಟಿಯಾಗಿತ್ತು, ಗಾಳಿ ಮಾತ್ರ ಖಾಲಿಯಾಗಿತ್ತು. ಮೂರು ತಿಂಗಳಿಂದ ಒಂಬತ್ತು ರೇಡಿಯೇಟರುಗಳ ವಾತವೃದ್ಧಿಗೆ ಚಿಕಿತ್ಸೆ ನಡೆಯುತ್ತಿದ್ದಾಗ ಬಾಯ್ಲರು ನರಳುತ್ತಿದ್ದದ್ದು ವಾತಕ್ಷಯದಿಂದ.

ಬಂದವನು ನೀರಿನ ಒತ್ತಡವನ್ನು ಸೊನ್ನೆಗಿಳಿಸಿ, ಚೀಲದಿಂದ ಸೈಕಲ್ ಪಂಪು ತೆಗೆದು, ಡಬ್ಬಿಗೆ 1 ಬಾರ್ ಗಾಳಿ ಹೊಡೆದ. ಪದೇ ಪದೇ ಬಾಯಿಬಿಟ್ಟು ಸಡಿಲಾಗಿದ್ದ ಸುರಕ್ಷಾ ವಾಲ್ವನ್ನು ಬದಲಿಸಿದ. ಬಗ್ಗಡ ತೊಳೆಯಲು ಇನ್ನೊಂದು ದಿನ ಬರುವುದಾಗಿ ಹೇಳಿ ಬಿಲ್ಲು ಬರೆದ.

ರಾತ್ರಿ ಮಗನ ಪ್ರಬಂಧವನ್ನು ಫೋನಿನಲ್ಲಿ ಪೂರ್ತಿ ಕೇಳಿದ ತಾಯಿ ಒಂದೇ ಪ್ರಶ್ನೆ ಕೇಳಿದರು: "ಊದಿದ್ದಕ್ಕೆ ಎಷ್ಟು ತಗೊಂಡ?"